ಹೊತ್ತು ಮುಳುಗಿದ ಮೇಲೆ ಕುಡಿದ ಚಾ

“ಹೊತ್ತು ಮುಳುಗಿದ ಮೇಲೆ ನಮ್ಮ ಧಣಿಗಳು ನೀರು ಸಹ ಮುಟ್ಟುವವರಲ್ಲ. ಅವರು ಮುಂಬ್ರಾದ ಗೂಡಂಗಡಿಯಲ್ಲಿ ನಿಂತು ಚಾ ಕುಡಿದರು ಅಂತ ಹೇಳಲಿಕ್ಕೆ ನಿಮಗೆ ನಾಲಿಗೆಯಾದರೂ ಹೇಗೆ ಹೊರಳಿತು?”

ಕಿಟ್ಟಣ್ಣ ಎರಡೂ ಕೈ ಚಾಚಿ ಬಾಗಿಲಿಗೆ ಅಡ್ಡ ನಿಂತಿದ್ದ. ಎಪ್ಪತ್ತು ದಾಟಿದ ಆ ಮುದುಕ ಎಷ್ಟು ಚಾಚಿಕೊಂಡರೂ ಬಾಗಿಲಿನ ಅರ್ಧ ತುಂಬುತ್ತಿರಲಿಲ್ಲ.

“ಹೇಳಿದ್ದು ನಾನಲ್ಲ ಕಿಟ್ಟಣ್ಣ, ಚಾ ಮಾರುವ ಸಾಬವ್ವ,” ಎಂದಳು ವಸಂತಿ. “ನೀವು ದಾರಿ ಬಿಟ್ಟರೆ ನಿಮ್ಮ ಧಣಿಗಳ ಬಾಯಿಂದಲೇ ಕೇಳಿಕೊಂಡು ಹೋಗುತ್ತೇನೆ.”

“ಬಿಡು ಕಿಟ್ಟ. ಬರಲಿ ಅವಳು.”

ಒಳಗಿನಿಂದ ಬಂದ ದನಿಯಲ್ಲಿ ಸಿಟ್ಟಿರಲಿಲ್ಲ, ಕುತೂಹಲವೂ ಇರಲಿಲ್ಲ. ಅಂಗಳದಲ್ಲಿ ಕಾಯುತ್ತಿರುವ ಒಕ್ಕಲನ್ನು ಒಳಗೆ ಕರೆಯುವ ದನಿ ಅದು. ಅಂಗಳ ಹೋಗಿ ಐದು ವರ್ಷವಾಗಿತ್ತು. ಒಕ್ಕಲುಗಳು ಭೂಸುಧಾರಣೆಯ ಡಿಕ್ಲರೇಶನ್ ಕೊಟ್ಟು ಭೂಮಿ ತಮ್ಮ ಹೆಸರಿಗೆ ಮಾಡಿಕೊಂಡಿದ್ದರು. ಪೆರ್ಲಬೈಲು ಬೀಡಿನ ಅರಸು ಧರ್ಮಪಾಲ ಬಲ್ಲಾಳರು ಈಗ ಇದ್ದದ್ದು ಠಾಣೆಯ ನೌಪಾಡಾದಲ್ಲಿ, ಅಳಿಯನ ಹೆಸರಿನ ಎರಡು ಕೋಣೆಯ ಮನೆಯಲ್ಲಿ. ದನಿ ಮಾತ್ರ ಇನ್ನೂ ಬೀಡಿನದೇ.

ಮೂರು ವಾರದ ಹಿಂದೆ, ಫೆಬ್ರವರಿ ಆರರ ಮಂಗಳವಾರ, ವಾಗ್ಳೆ ಎಸ್ಟೇಟಿನಲ್ಲಿ ಕ್ಯಾಂಟೀನು ನಡೆಸುತ್ತಿದ್ದ ಚೆನ್ನಯ ಮುಂಬ್ರಾದ ಖಾಡಿಗೆ, ಹಿನ್ನೀರಿನ ದಂಡೆಗೆ, ಮೀನು ತರಲು ಹೋದವನು ಮರುದಿನ ಬೆಳಿಗ್ಗೆ ಕೆಸರಿನಲ್ಲಿ ಹೆಣವಾಗಿ ಸಿಕ್ಕಿದ್ದ. ಕಾಲು ಜಾರಿ ಬಿದ್ದದ್ದು ಎಂದು ಪೊಲೀಸರು ಬರೆದು ಮುಗಿಸಿದರು. ಅವನ ಒಬ್ಬಳೇ ಮಗಳು ಹರಿಣಾಕ್ಷಿ ಅದನ್ನು ಒಪ್ಪದೆ ಡೊಂಬಿವಲಿಗೆ ಬಂದು ವಸಂತಿಯ ಬಾಗಿಲು ಬಡಿದಿದ್ದಳು.

ವಸಂತಿ ಹದಿನಾರು ವರ್ಷ ವಿಮೆ ಕಚೇರಿಯೊಂದರ ಡೆತ್ ಕ್ಲೇಮಿನಲ್ಲಿ ದುಡಿದವಳು. ಸತ್ತವರ ಮನೆಗೆ ಹೋಗಿ ಬದುಕಿದ್ದವರ ಸುಳ್ಳು ಕೇಳುವ ಕೆಲಸ. ಈಗ ಅದನ್ನೇ ಸ್ವಂತಕ್ಕೆ ಮಾಡುತ್ತಿದ್ದಳು. ಅವಳ ತಾಯಿ ಇಂಥದೇ ಒಂದು ಬೀಡಿನ ಅಂಗಳದಲ್ಲಿ ಭತ್ತ ಕುಟ್ಟಿ, ಕೈ ಒಡೆದು, ನಡು ಮುರಿದು ಸತ್ತಿದ್ದಳು. ಜಗಲಿಯ ಮೇಲೆ ಸೆಟೆದು ಕೂತ ಗಂಡಸರನ್ನು ಕಂಡರೆ ವಸಂತಿಯ ಬಾಯಿ ಕಹಿಯಾಗುತ್ತಿತ್ತು. ಆ ಕಹಿಯನ್ನು ಅವಳು ಉಗುಳುತ್ತಲೂ ಇರಲಿಲ್ಲ, ನುಂಗುತ್ತಲೂ ಇರಲಿಲ್ಲ.

ಬಲ್ಲಾಳರು ಕೈಯಿಲ್ಲದ ಮರದ ಕುರ್ಚಿಯಲ್ಲಿ ಕೂತಿದ್ದರು. ಬೆನ್ನು ಕುರ್ಚಿಗೆ ತಾಗಿರಲಿಲ್ಲ. ಅರವತ್ತೆರಡರ ವಯಸ್ಸು, ಬಿಳಿ ಧೋತರ, ಇಸ್ತ್ರಿ ಮಾಡಿದ ಶಲ್ಯ. ಗೋಡೆಯ ಮೇಲೆ ಬೀಡಿನ ಹೆಬ್ಬಾಗಿಲಿನ ಫೋಟೊ.

“ಏನು ಬೇಕಾಗಿತ್ತು ನಿನಗೆ?”

“ಮೊದಲು, ನೀನು ಅನ್ನುವುದನ್ನು ಬಿಡಬೇಕು. ನಾನು ನಿಮ್ಮ ಒಕ್ಕಲಲ್ಲ.”

ಬಲ್ಲಾಳರು ಒಂದು ಕ್ಷಣ ಯೋಚಿಸಿದರು. ಅದೂ ಅವರಿಗೆ ಧರ್ಮಸೂಕ್ಷ್ಮದ ಪ್ರಶ್ನೆಯೇ ಇರಬೇಕು. “ಸರಿ. ಕೂತುಕೊಳ್ಳಿ.”

ವಸಂತಿ ಕೂತಳು.

“ಆ ಮಂಗಳವಾರ ಸಂಜೆ ಆರು ಗಂಟೆಗೆ ಊಟ ಮುಗಿಸಿ, ಸಾಮಾಯಿಕದ ಧ್ಯಾನಕ್ಕೆ ಕೂತು, ಎಂಟಕ್ಕೆ ಮಲಗಿದಿರಿ ಅಂತ ಹೋದ ವಾರ ಹೇಳಿದ್ದಿರಿ. ಕಿಟ್ಟಣ್ಣನೂ ಹಾಗೇ ಹೇಳಿದರು.”

“ಹೌದು.”

“ಏಳೂ ಕಾಲಿಗೆ ನೀವು ಮುಂಬ್ರಾದಲ್ಲಿದ್ದಿರಿ. ಖಾಡಿಗೆ ಹೋಗುವ ದಾರಿಯಲ್ಲಿ ವಿಜಾಪುರ ಕಡೆಯ ಸಾಬವ್ವನ ಅಂಗಡಿ ಉಂಟು. ಮರಳಿನ ದೋಣಿಯಲ್ಲಿ ದುಡಿಯುವವರು ಅಲ್ಲಿ ಚಾ ಕುಡಿಯುತ್ತಾರೆ. ಅವಳು ಹೇಳಿದ್ದನ್ನು ಬರೆದುಕೊಂಡು ಬಂದಿದ್ದೇನೆ.” ವಸಂತಿ ಚೀಲದಿಂದ ಸಣ್ಣ ಪುಸ್ತಕ ತೆಗೆದು ಓದಿದಳು. “ಉದ್ದಕ ಇದ್ರರಿ, ಬಿಳಿ ಧೋತ್ರ, ಮೈಮ್ಯಾಲ ಶಲ್ಲೇ. ನಾ ಕೊಟ್ಟ ಗ್ಲಾಸು ಮೂರು ಸಲ ತಾವ ತೊಳಕೊಂಡ್ರು. ಆಮ್ಯಾಲ ಒಂದ ಗುಟುಕಿಗೆ ಕುಡದ್ರು. ಬಾಯಿ ಸುಟ್ಟಿರಬೇಕ್ರಿ, ಆದ್ರ ಮುಖದಾಗ ಏನೂ ಕಾಣಲಿಲ್ಲ.”

ಕಿಟ್ಟಣ್ಣ ಬಾಗಿಲಲ್ಲೇ ಕುಸಿದು ಕೂತ. ನಲವತ್ತು ವರ್ಷ ಆ ವ್ರತಕ್ಕೆ ಬೇಯಿಸಿ ಬಡಿಸಿದವನು ಅವನು. ತಾಯಿ ಸತ್ತ ದಿನ ಕೂಡ ಬಲ್ಲಾಳರು ಸಂಜೆಯ ಮೇಲೆ ಗುಟುಕು ನೀರು ಕುಡಿದಿರಲಿಲ್ಲ ಎಂದು ಅವನೇ ಹೆಮ್ಮೆಯಿಂದ ಹೇಳಿದ್ದ.

“ಧಣಿ, ಸುಳ್ಳಲ್ವಾ ಇದು?”

ಬಲ್ಲಾಳರು ಅವನ ಕಡೆ ನೋಡಲಿಲ್ಲ. “ನೀನು ಒಳಗೆ ಹೋಗು ಕಿಟ್ಟ.”

ಅವನು ಹೋದ ಮೇಲೆ ಅವರು ಹೇಳಿದರು, “ಕುಡಿದದ್ದು ಹೌದು.”

“ವ್ರತ ಮುರಿಯುವಂಥದ್ದು ಚೆನ್ನಯ ಏನು ಹೇಳಿದ?”

“ಅದು ನಿಮಗೆ ಬೇಡದ್ದು.”

“ಹಾಗಾದರೆ ನನಗೆ ಗೊತ್ತಿರುವಷ್ಟನ್ನು ನಾನೇ ಹೇಳುತ್ತೇನೆ. ತಪ್ಪಿದ್ದಲ್ಲಿ ತಿದ್ದಿ. ಸಾವಿರದ ಒಂಬೈನೂರ ನಲವತ್ತೊಂಬತ್ತರಲ್ಲಿ ನಿಮ್ಮ ಬೀಡಿನ ಕೆಳಗೆ ಶೇಂದಿ ತೆಗೆಯುವವನ ಮಗಳು ಅಪ್ಪಿ ಅಂತ ಇದ್ದಳು. ಇಪ್ಪತ್ತು ವರ್ಷ. ನೀವು ಅವಳನ್ನು ಮೆಚ್ಚಿದ್ದಿರಿ. ಮದುವೆಯಾಗಲಿಲ್ಲ. ನಿಮ್ಮ ಗಾಡಿ ಹೊಡೆಯುವ ಚೆನ್ನಯನಿಗೆ ಕಟ್ಟಿ, ಇಬ್ಬರನ್ನೂ ಈ ಊರಿಗೆ ಕಳಿಸಿದಿರಿ.”

“ಸೋದರಮಾವ ಸಾಯುವಾಗ ಮಾತು ತೆಗೆದುಕೊಂಡಿದ್ದರು. ಬೀಡು, ಬಸದಿ, ನೂರಿಪ್ಪತ್ತು ಒಕ್ಕಲು. ಅದರ ಮುಂದೆ ನಮ್ಮ ಆಸೆ ಎಷ್ಟರದು?” ಬಲ್ಲಾಳರು ಪಾಠ ಒಪ್ಪಿಸುವವರಂತೆ ಹೇಳಿದರು. “ಆ ದಿನದಿಂದ ಈ ದಿನದವರೆಗೆ ನಾವು ಅವಳ ಎದುರು ಬರಲಿಲ್ಲ. ಇದೇ ಊರಿಗೆ ಬಂದು ನಾಲ್ಕು ವರ್ಷ. ನಡೆದರೆ ಅರ್ಧ ಗಂಟೆಯ ದಾರಿ. ಒಂದು ದಿನವೂ ಹೋಗಲಿಲ್ಲ.”

ಆ ಮಾತಿನ ಕೊನೆಗೆ ಅವರು ಶಲ್ಯ ಸರಿಪಡಿಸಿಕೊಂಡರು. ಮೆಚ್ಚುಗೆಗೆ ಜಾಗ ಬಿಟ್ಟಿದ್ದರು ಎಂದು ವಸಂತಿಗೆ ಅನಿಸಿತು. ಅವಳು ಮೆಚ್ಚಲಿಲ್ಲ.

“ಪ್ರತಿ ತಿಂಗಳ ಸಂಕ್ರಮಣಕ್ಕೆ ಚೆನ್ನಯ ಇಲ್ಲಿಗೆ ಬರುತ್ತಿದ್ದ, ಅಲ್ವಾ? ಕಿಟ್ಟಣ್ಣ ಹೇಳಿದರು. ಚಪ್ಪಲಿ ಮೆಟ್ಟಿಲ ಕೆಳಗೆ ಬಿಟ್ಟು, ಹೊಸ್ತಿಲ ಹೊರಗೆ ನಿಂತು, ಅವಳು ಆರೋಗ್ಯದಲ್ಲಿದ್ದಾಳೆ ಅಂತ ಹೇಳಿ ಹೋಗುತ್ತಿದ್ದ. ನೀವು ಊರಲ್ಲಿದ್ದಾಗ ಕಾಗದ ಬರೆಯುತ್ತಿದ್ದ. ಮೂವತ್ತು ವರ್ಷ. ಕ್ಯಾಂಟೀನಿನ ಯಜಮಾನ, ಒಂದು ಹುಡುಗಿಯ ತಂದೆ, ನಿಮ್ಮ ಹೊಸ್ತಿಲಲ್ಲಿ ನಿಂತು ತನ್ನ ಹೆಂಡತಿಯ ವರದಿ ಒಪ್ಪಿಸುತ್ತಿದ್ದ. ಯಾಕೆ?”

“ಅವಳು ಅವನ ಹೆಂಡತಿಯಲ್ಲ.”

ವಸಂತಿಯ ಪೆನ್ಸಿಲು ನಿಂತಿತು.

“ಬೀಡಿನ ದೈವದ ಚಾವಡಿಯಲ್ಲಿ ದೀಪ ಮುಟ್ಟಿ ಅವನು ಆಣೆ ಮಾಡಿದ್ದ,” ಎಂದರು ಬಲ್ಲಾಳರು. “ಲೋಕದ ಕಣ್ಣಿಗೆ ಗಂಡ. ಅವಳಿಗೆ ಹೆಸರು ಬೇಕಿತ್ತು, ನೆರಳು ಬೇಕಿತ್ತು. ಅಷ್ಟನ್ನು ಕೊಡುವುದು ನಮ್ಮ ಕರ್ತವ್ಯ. ಮನೆಯೊಳಗೆ ಅವನು ಅವಳನ್ನು ತಂಗಿಯ ಹಾಗೆ ನೋಡಿಕೊಳ್ಳಬೇಕು. ಆ ಹುಡುಗಿ ಕಲ್ಯಾಣದ ದೇವಸ್ಥಾನದ ಹತ್ತಿರ ಸಿಕ್ಕಿದ ಅನಾಥೆ, ಸಾಕಿಕೊಂಡಿದ್ದೇವೆ ಅಂತ ಕಾಗದ ಬರೆದಿದ್ದ. ನಾವು ಒಪ್ಪಿಗೆ ಕೊಟ್ಟೆವು.”

“ನೀವು ಒಪ್ಪಿಗೆ ಕೊಟ್ಟಿರಿ.”

“ಹೌದು.”

“ಅಪ್ಪಿಯನ್ನು ಕೇಳಿದಿರಾ? ಆ ಆಣೆಯ ವಿಷಯ?”

“ಅವಳಿಗೆ ಹೇಳುವ ಅಗತ್ಯ ಇರಲಿಲ್ಲ.”

ಕೆಳಗೆ ರಸ್ತೆಯಲ್ಲಿ ಹಳೆ ಪಾತ್ರೆಯವಳು ಮರಾಠಿಯಲ್ಲಿ ಕೂಗುತ್ತಾ ಹೋದಳು. ವಸಂತಿ ಅದು ದೂರವಾಗುವವರೆಗೆ ಕಾದಳು. ಇಲ್ಲದಿದ್ದರೆ ಅವಳ ದನಿ ಏರುತ್ತಿತ್ತು. ಏರಿದ ದನಿಗೆ ಇಂಥವರು ಬಗ್ಗುವುದಿಲ್ಲ, ಅದು ಅವಳಿಗೆ ಗೊತ್ತು.

“ಆಸೆ ಬಿಟ್ಟವರು ಬಿಟ್ಟುಬಿಡಬೇಕಿತ್ತು ಬಲ್ಲಾಳರೇ. ನೀವು ಬಿಡಲಿಲ್ಲ, ಬೀಗ ಹಾಕಿದಿರಿ. ನಿಮಗೆ ದಕ್ಕದ್ದು ಇನ್ನೊಬ್ಬನಿಗೂ ದಕ್ಕಬಾರದು. ಅದಕ್ಕೆ ಕರ್ತವ್ಯ ಅಂತ ಹೆಸರಿಟ್ಟು, ದಿನಾ ಬೆನ್ನು ನೆಟ್ಟಗೆ ಮಾಡಿಕೊಂಡು ಕೂತಿರಿ. ಆ ಮಂಗಳವಾರ ಚೆನ್ನಯ ನಿಮ್ಮ ಹೊಸ್ತಿಲಿಗೆ ಬರಲಿಲ್ಲ. ನಿಮ್ಮನ್ನೇ ಮುಂಬ್ರಾಕ್ಕೆ ಕರೆಸಿದ. ಕರೆಸಿ, ಆಣೆ ಮುರಿದಿದ್ದೇನೆ ಅಂದ. ಅಲ್ವಾ?”

“ಮೊದಲ ವರ್ಷವೇ ಮುರಿದದ್ದಂತೆ.” ಮುಖದ ಒಂದು ಗೆರೆಯೂ ಕದಲಲಿಲ್ಲ. “ಹುಡುಗಿ ಅವರದೇ. ಅವಳ ಮದುವೆ ನಿಶ್ಚಯವಾಗಿದೆ, ಇನ್ನು ಸುಳ್ಳು ಹೇಳಲಾರೆ, ಇನ್ನು ನಿಮ್ಮ ಮನೆಗೆ ಬರಲಾರೆ ಅಂದ. ಚಪ್ಪಲಿ ಹಾಕಿಕೊಂಡೇ ನಮ್ಮೆದುರು ನಿಂತಿದ್ದ.”

ಮೂವತ್ತು ವರ್ಷದ ಸುಳ್ಳಿಗಿಂತ ಆ ಚಪ್ಪಲಿ ಅವರನ್ನು ಹೆಚ್ಚು ಚುಚ್ಚಿತ್ತು.

ಬಲ್ಲಾಳರು ಎದ್ದು ಕಪಾಟಿನಿಂದ ಕಾಗದ, ಪೆನ್ನು ತಂದು ಮೇಜಿಗೆ ಕೂತರು. ಹತ್ತು ನಿಮಿಷ ಪೆನ್ನಿನ ಸದ್ದು ಬಿಟ್ಟರೆ ಕೋಣೆಯಲ್ಲಿ ಬೇರೆ ಸದ್ದಿರಲಿಲ್ಲ. ಬರೆದು, ಸಹಿ ಮಾಡಿ, ಶಾಯಿ ಒಣಗಲು ಬಿಟ್ಟು, ಕಾಗದವನ್ನು ವಸಂತಿಯ ಕಡೆ ತಿರುಗಿಸಿದರು.

ಮುತ್ತು ಪೋಣಿಸಿದ ಅಕ್ಷರ. ಚೆನ್ನಯನನ್ನು ಖಾಡಿಯ ಕಟ್ಟೆಯಿಂದ ತಾನೇ ನೂಕಿದ್ದಾಗಿಯೂ, ಬೇರೆ ಯಾರಿಗೂ ಇದರಲ್ಲಿ ಪಾಲಿಲ್ಲವೆಂದೂ, ಕಾನೂನು ಕೊಡುವ ಶಿಕ್ಷೆಗೆ ತಲೆಬಾಗುವುದಾಗಿಯೂ ಬರೆದಿದ್ದರು. ಮಾತೊಂದು ಹೆಚ್ಚಿಲ್ಲ, ಮಾತೊಂದು ಕಡಿಮೆಯಿಲ್ಲ.

ವಸಂತಿ ಎರಡು ಸಲ ಓದಿದಳು. ಎರಡನೆಯ ಸಲ, ‘ಬೇರೆ ಯಾರಿಗೂ’ ಎಂಬಲ್ಲಿ ಅವಳ ಬೆರಳು ನಿಂತಿತು.

“ನೂಕುವಾಗ ಅವನ ಕಾಲಲ್ಲಿ ಏನಿತ್ತು?”

“ಹೇಳಿದೆವಲ್ಲ. ಚಪ್ಪಲಿ.”

“ಅದೇನಾಯ್ತು?”

“ಅವನ ಜೊತೆಗೇ ನೀರಿಗೆ ಹೋಯಿತು.”

ವಸಂತಿ ಕಾಗದವನ್ನು ಮಡಚಿದಳು. “ಚೆನ್ನಯನ ಚಪ್ಪಲಿ ಕಟ್ಟೆಯ ಕಲ್ಲಿನ ಮೇಲೆ ಇತ್ತು. ಎರಡೂ ಅಕ್ಕಪಕ್ಕ, ನೀಟಾಗಿ ಬಿಟ್ಟದ್ದು. ಪಂಚನಾಮೆಯಲ್ಲಿ ಬರೆದಿದ್ದಾರೆ, ಮಗಳು ಗುರುತು ಹಿಡಿದಿದ್ದಾಳೆ. ಅವನು ಅದನ್ನು ಬಿಚ್ಚಿಟ್ಟದ್ದು ನೀವು ಹೋದ ಮೇಲೆ. ಅವನು ಸಾಯುವಾಗ ನೀವು ಅಲ್ಲಿರಲಿಲ್ಲ.”

ಬಲ್ಲಾಳರು ಪೆನ್ನಿಗೆ ಮುಚ್ಚಳ ಹಾಕಿದರು.

“ಯಾರನ್ನು ಉಳಿಸುತ್ತಿದ್ದೀರಿ?”

“ಬರೆದದ್ದನ್ನು ತೆಗೆದುಕೊಂಡು ಹೋಗಿ.”

“ಅಪ್ಪಿಯನ್ನಾ?”

ಆಗ ಆ ಬೆನ್ನು ಹಿಂದಕ್ಕೆ ಸಡಿಲಿತು. ತೀರಾ ಸ್ವಲ್ಪ. ಕುರ್ಚಿಯ ಮರಕ್ಕೆ ತಾಗುವಷ್ಟು.

“ನಾನು ಅವಳನ್ನು ನೋಡಿದೆ,” ಎಂದರು. ಇಲ್ಲಿಯವರೆಗಿನ ‘ನಾವು’ ಎಲ್ಲಿಗೋ ಹೋಗಿತ್ತು. “ಚಾ ಕುಡಿದು ಸ್ಟೇಷನ್ನಿಗೆ ಬಂದೆ. ಠಾಣೆಯ ಗಾಡಿಗೆ ಕಾಯುತ್ತಿದ್ದೆ. ಎದುರಿನ ಪ್ಲಾಟ್‌ಫಾರ್ಮಿನಲ್ಲಿ ಗಾಡಿಯಿಂದ ಇಳಿದಳು. ನೀಲಿ ಸೀರೆ. ದೀಪದ ಕೆಳಗೆ ಹಾದು ಖಾಡಿಯ ದಾರಿ ಹಿಡಿದಳು. ಅದೇ ನಡಿಗೆ. ಅದೇ ಜಡೆ, ಸೊಂಟದ ಕೆಳಗಿನವರೆಗೆ. ಮೂವತ್ತು ವರ್ಷ ಆದರೂ ನನಗೆ ತಪ್ಪುವುದುಂಟಾ?”

“ಕರೆಯಲಿಲ್ವಾ?”

“ಕರೆಯುವುದಿಲ್ಲ ಅಂತ ವ್ರತವಲ್ಲವಾ? ನನ್ನ ಗಾಡಿ ಬಂತು. ಹತ್ತಿದೆ.”

ವಸಂತಿಗೆ ನಗು ಬಂತು. ಒಳ್ಳೆಯ ನಗುವಲ್ಲ. ಗಂಡ ಹೇಳಿದ ಸುದ್ದಿಗೆ ಒಂದು ವ್ರತ ಮುರಿದವರು, ಹೆಂಡತಿ ಅದೇ ಕತ್ತಲಿನ ದಾರಿ ಹಿಡಿದಾಗ ಇನ್ನೊಂದು ವ್ರತ ನೆನೆದು ಗಾಡಿ ಹತ್ತಿದ್ದರು.

“ಅವತ್ತು ಅವಳನ್ನು ಕೇಳದೆ ಕೊಟ್ಟುಬಿಟ್ಟಿರಿ. ಇವತ್ತು ಅವಳನ್ನು ಕೇಳದೆ ಅವಳಿಗಾಗಿ ಗಲ್ಲಿಗೆ ಹೋಗುತ್ತೇನೆ ಅನ್ನುತ್ತೀರಿ. ಎರಡು ಸಲವೂ ದೊಡ್ಡವರಾಗುವುದು ನೀವೇ. ಇದಕ್ಕೆ ಪ್ರೀತಿ ಅಂತ ನೀವು ಹೇಳುವುದಾದರೆ ಹೇಳಿಕೊಳ್ಳಿ, ನನ್ನ ಕಿವಿಗೆ ಬೇಡ.”

“ಅವಳನ್ನು ಬಿಟ್ಟುಬಿಡಿ,” ಎಂದರು ಬಲ್ಲಾಳರು. ಯಾರ ಹತ್ತಿರವೂ ಏನನ್ನೂ ಬೇಡಿ ಅವರಿಗೆ ಅಭ್ಯಾಸವಿರಲಿಲ್ಲ. ಮಾತು ಒರಟಾಗಿ, ಅಪ್ಪಣೆಯ ಹಾಗೆಯೇ ಬಂತು.

ಅಡುಗೆಮನೆಯ ಬಾಗಿಲಲ್ಲಿ ಕಿಟ್ಟಣ್ಣ ಊಟದ ತಟ್ಟೆ ಹಿಡಿದು ನಿಂತಿದ್ದ. ಐದೂ ಮುಕ್ಕಾಲಾಗಿತ್ತು. ಬಲ್ಲಾಳರು ಕೈ ತೊಳೆಯಲು ಎದ್ದರು.

ವಾಗ್ಳೆ ಎಸ್ಟೇಟಿಗೆ ಬಸ್ಸಿನಲ್ಲಿ ಹೋಗುವಾಗ ವಸಂತಿ ತನ್ನನ್ನೇ ಬೈದುಕೊಂಡಳು. ಮೂರು ವಾರದಲ್ಲಿ ಅವಳು ಸತ್ತವನ ಹೆಂಡತಿಯನ್ನು ಒಂದು ಸಲವೂ ಕಂಡಿರಲಿಲ್ಲ. “ಅಮ್ಮ ಯಾರ ಹತ್ತಿರವೂ ಮಾತಾಡುವ ಹಾಗಿಲ್ಲ ಅಕ್ಕ, ಅವರನ್ನು ಬಿಟ್ಟು ಏನು ಬೇಕಾದರೂ ಕೇಳಿ,” ಎಂದು ಹರಿಣಾಕ್ಷಿ ಅಂಗಲಾಚಿದ್ದಳು. ಪ್ರತಿ ಸಲವೂ ತಾನೇ ಡೊಂಬಿವಲಿಗೆ ಬಂದು ಹೋಗುತ್ತಿದ್ದಳು. ಟೆಲಿಫೋನ್ ಎಕ್ಸ್‌ಚೇಂಜಿನ ಕೆಲಸ ಮುಗಿಸಿ ಬರುವ ಹುಡುಗಿ, ತಂದೆಯ ಹೆಸರೆತ್ತಿದರೆ ಅಳು ತಡೆಯಲಾರದವಳು. ವಸಂತಿಗೆ ಪಾಪ ಅನಿಸಿತ್ತು. ಹದಿನಾರು ವರ್ಷ ಡೆತ್ ಕ್ಲೇಮಿನಲ್ಲಿದ್ದವಳಿಗೆ ಪಾಪ ಅನಿಸಬಾರದಿತ್ತು.

ಕಾರ್ಖಾನೆಗಳ ಹಿಂದಿನ ಚಾಳಿನಲ್ಲಿ ಮೊದಲ ಮಹಡಿ. ಗ್ಯಾಲರಿಯಲ್ಲಿ ಮಣೆಯ ಮೇಲೆ ಕೂತು ಒಬ್ಬ ಹೆಂಗಸು ಬೆಳ್ಳುಳ್ಳಿ ಸುಲಿಯುತ್ತಿದ್ದಳು. ಕಣ್ಣಿಗೆ ದಪ್ಪ ಕಪ್ಪು ಕನ್ನಡಕ. ತಲೆ ಹಿಂಜಿದ ಹತ್ತಿಯ ಹಾಗೆ ಬೆಳ್ಳಗೆ. ಉಳಿದಷ್ಟು ಕೂದಲನ್ನು ಕುತ್ತಿಗೆಯ ಹಿಂದೆ ನಿಂಬೆಯಷ್ಟು ಗಂಟು ಹಾಕಿದ್ದಳು.

“ಅಪ್ಪಿಯಮ್ಮ ಇದ್ದಾರಾ?”

“ನಾನೇ. ಯಾರು ನೀವು? ಹತ್ತಿರ ಬನ್ನಿ, ನನಗೆ ಸರಿ ಕಾಣುವುದಿಲ್ಲ.”

ವಸಂತಿ ನಿಂತಲ್ಲೇ ನಿಂತಳು.

“ಹರಿಣಾಕ್ಷಿಯ ಪರಿಚಯದವಳು,” ಎಂದಳು. “ಕಣ್ಣಿಗೆ ಏನಾಯ್ತು?”

“ಪೊರೆ. ಸಕ್ಕರೆ ಕಾಯಿಲೆಯೂ ಉಂಟಲ್ಲ. ಕಲ್ಯಾಣದಲ್ಲಿ ಆಪರೇಶನ್ ಆಗಿ ಇನ್ನೂ ತಿಂಗಳಾಗಲಿಲ್ಲ. ಒಂದು ವಾರ ಎರಡೂ ಕಣ್ಣಿಗೆ ಪಟ್ಟಿ ಕಟ್ಟಿ, ತಲೆ ಅಲುಗಬಾರದು ಅಂತ ಎರಡೂ ಕಡೆ ಮರಳಿನ ಚೀಲ ಇಟ್ಟು ಮಲಗಿಸಿದ್ದರು. ಆ ಮಂಗಳವಾರ ಬೆಳಿಗ್ಗೆ ಇವರು ಬಂದು ಗಂಜಿ ಕುಡಿಸಿ ಹೋದರು. ಹೋದವರು ಹೋದರೇ.” ಸುಲಿದ ಎಸಳನ್ನು ಅವಳು ತಡವಿ ಬಟ್ಟಲಿಗೆ ಹಾಕಿದಳು. “ನನಗೆ ನಾಲ್ಕು ದಿನ ಹೇಳಲಿಲ್ಲ. ಅತ್ತರೆ ಕಣ್ಣು ಹೋಗುತ್ತದೆ ಅಂತ.”

ಆ ಸಂಜೆ ಈ ಹೆಂಗಸು ಹಾಸಿಗೆಯಿಂದ ತಲೆ ಎತ್ತಿರಲಿಲ್ಲ.

ಆದರೂ ವಸಂತಿ ಕೇಳಿದಳು, “ಪೆರ್ಲಬೈಲು ಬೀಡಿನ ಧರ್ಮಪಾಲ ಬಲ್ಲಾಳರು ನಿಮಗೆ ನೆನಪುಂಟಾ?”

ಅಪ್ಪಿ ಇನ್ನೊಂದು ಬೆಳ್ಳುಳ್ಳಿ ಗಡ್ಡೆಯನ್ನು ತಡವಿ ಎತ್ತಿಕೊಂಡಳು.

“ಇನ್ನೂ ಬದುಕಿದ್ದಾರಾ ಅವರು? ಮುಖವೇ ಮರೆತು ಹೋಗಿದೆ ನೋಡಿ. ಸಣ್ಣವಳಿದ್ದಾಗ ನನ್ನನ್ನು ನೋಡಲಿಕ್ಕೆ ತೋಟದ ದಾರಿಯಲ್ಲಿ ನಿಲ್ಲುತ್ತಿದ್ದರು. ಒಂದು ಮಾತಾಡಿದವರಲ್ಲ. ನನಗೆ ಹೆದರಿಕೆಯಾಗುತ್ತಿತ್ತು. ಅವರ ಗಾಡಿ ಹೊಡೆಯುವವರು ಮಾತ್ರ ನಗಿಸುತ್ತಿದ್ದರು.” ಕನ್ನಡಕದ ಕೆಳಗೆ ತುಟಿ ಅದುರಿತು. “ಇವರನ್ನು ಕಟ್ಟಿಕೊಂಡದ್ದು ನನ್ನ ಪುಣ್ಯ.”

ಮೂವತ್ತು ವರ್ಷದ ತ್ಯಾಗ ಇವಳಲ್ಲಿ ಉಳಿದದ್ದು ಇಷ್ಟು, ಒಂದು ಹೆದರಿಕೆ. ನೌಪಾಡಾದ ಕುರ್ಚಿಯಲ್ಲಿ ಕೂತವರು ಪ್ರೀತಿಸಿದ್ದು ಈ ಹೆಂಗಸನ್ನಲ್ಲ. ಅವರ ತಲೆಯೊಳಗೆ ಇದ್ದದ್ದು ಇಪ್ಪತ್ತು ವರ್ಷದ ಹುಡುಗಿ. ಅವಳಿಗೆ ನರೆ ಬರಲು ಅವರು ಬಿಟ್ಟಿರಲಿಲ್ಲ, ಕಣ್ಣು ಮಂಜಾಗಲು ಬಿಟ್ಟಿರಲಿಲ್ಲ. ಅದಕ್ಕೇ ಕಪ್ಪು ಜಡೆಯ ಒಬ್ಬಳನ್ನು ದೀಪದ ಕೆಳಗೆ ಕಂಡು, ಅಪ್ಪಿಯೇ ಎಂದು ತಿಳಿದರು. ಅವಳಿಗೊಬ್ಬಳು ಹೆತ್ತ ಮಗಳಿದ್ದಾಳೆಂದು ಅರ್ಧ ಗಂಟೆಯ ಹಿಂದಷ್ಟೇ ಕೇಳಿದವರಿಗೆ, ಆ ಮಗಳು ಹೇಗಿರಬಹುದೆಂಬ ಯೋಚನೆಯೇ ಬರಲಿಲ್ಲ.

ಮೆಟ್ಟಿಲ ಮೇಲೆ ಹೆಜ್ಜೆ ಸದ್ದಾಯಿತು.

ಹರಿಣಾಕ್ಷಿ ಸಾರ್ವಜನಿಕ ನಲ್ಲಿಯಿಂದ ಕೊಡ ಹೊತ್ತು ಬರುತ್ತಿದ್ದಳು. ಡೊಂಬಿವಲಿಗೆ ಬರುವಾಗ ಯಾವಾಗಲೂ ಕೂದಲನ್ನು ಬಿಗಿಯಾಗಿ ತುರುಬು ಕಟ್ಟಿಕೊಂಡು ಬರುತ್ತಿದ್ದವಳು. ಈಗ ತಲೆ ಸ್ನಾನ ಮಾಡಿ ಜಡೆ ಹೆಣೆದಿದ್ದಳು. ಅದು ಸೊಂಟ ದಾಟಿ ತೂಗುತ್ತಿತ್ತು.

ವಸಂತಿಯನ್ನು ಕಂಡು ಅವಳು ನಿಂತಳು. ತಾಯಿಯನ್ನು ನೋಡಿದಳು. ಮತ್ತೆ ವಸಂತಿಯ ಮುಖ ನೋಡಿದಳು. ಕೊಡವನ್ನು ನಿಧಾನವಾಗಿ ಕೆಳಗಿಟ್ಟಳು. ಒಂದು ಹನಿಯೂ ತುಳುಕಲಿಲ್ಲ.

“ಅಮ್ಮ, ಬಿಸಿಲು ಹೋಯಿತು. ಒಳಗೆ ಹೋಗಿ ಕೂತಿರು. ಅಕ್ಕನಿಗೆ ನಾನು ಚಾ ಮಾಡುತ್ತೇನೆ.”

ಅಪ್ಪಿ ಗೋಡೆ ತಡವುತ್ತಾ ಒಳಗೆ ಹೋದಳು. ಹರಿಣಾಕ್ಷಿ ಬಾಗಿಲು ಮುಚ್ಚಿ, ಅದಕ್ಕೆ ಬೆನ್ನು ಕೊಟ್ಟು ನಿಂತಳು.

“ಯಾರು ನೋಡಿದರು?”

“ಬಲ್ಲಾಳರು. ಮುಂಬ್ರಾ ಸ್ಟೇಷನ್ನಿನಲ್ಲಿ,” ಎಂದಳು ವಸಂತಿ. “ನಿನ್ನನ್ನು ನಿನ್ನ ತಾಯಿ ಅಂದುಕೊಂಡಿದ್ದಾರೆ. ಅವಳನ್ನು ಉಳಿಸಲಿಕ್ಕೆ ಕೊಲೆ ನಾನೇ ಮಾಡಿದ್ದು ಅಂತ ಬರೆದೂ ಕೊಟ್ಟಿದ್ದಾರೆ.”

ಹರಿಣಾಕ್ಷಿ ಅಳಲಿಲ್ಲ. ಡೊಂಬಿವಲಿಯಲ್ಲಿ ಮೂರು ವಾರ ಸುರಿದ ಕಣ್ಣೀರು ಈಗ ಎಲ್ಲಿಯೂ ಇರಲಿಲ್ಲ. ಅವಳ ಮುಖದಲ್ಲಿ ಬಂದದ್ದು ತಿರಸ್ಕಾರ, ಇಡೀ ಮಧ್ಯಾಹ್ನ ವಸಂತಿ ತನ್ನ ಮುಖದಲ್ಲಿ ಹೊತ್ತು ತಿರುಗಿದ್ದಂಥದ್ದೇ.

“ಅವರಿಗೆ ಅಷ್ಟೂ ಗೊತ್ತಾಗಲಿಲ್ವಾ?” ಎಂದಳು. “ಅಪ್ಪನ ಸಾವು ಅವರ ತಲೆಗೇ ಬರಲಿ ಅಂತ ನಿಮ್ಮ ಬಾಗಿಲು ಬಡಿದೆ. ನಾನು ಅಲ್ಲಿಗೆ ಹೋದದ್ದು ಅಪ್ಪನ ಹತ್ತಿರ ಅಲ್ಲ ಅಕ್ಕ. ಅಪ್ಪನನ್ನು ಹೊಸ್ತಿಲ ಹೊರಗೆ ನಿಲ್ಲಿಸುತ್ತಿದ್ದ, ಅವತ್ತು ಅಪ್ಪ ಅಲ್ಲಿಗೆ ಕರೆಸಿದ್ದ ಆ ಬಲ್ಲಾಳರನ್ನು ಮುಗಿಸಲಿಕ್ಕೆ.”

ಒಳಗೆ ಅಪ್ಪಿ ಕೆಮ್ಮಿದಳು. ಅದು ನಿಲ್ಲುವವರೆಗೆ ಹರಿಣಾಕ್ಷಿ ಕಾದಳು. ಆಮೇಲೆ ವಸಂತಿಗೆ ಮಾತ್ರ ಕೇಳುವಷ್ಟು ದನಿಯಲ್ಲಿ ಹೇಳಿದಳು.

“ಕಟ್ಟೆಯ ಮೇಲೆ ಕತ್ತಲಿತ್ತು. ನಿಂತಿದ್ದವರು ಅವರೇ ಅಂದುಕೊಂಡೆ.”